ಹೊಲಿಗೆ ಕಾಣುವಂತೆ ಕೂರಿಸಿ

ಬೆಂಗಳೂರಿನ ಹೊಸ ಕೆಫೆಗಳಲ್ಲಿ ಕಾಲು ಮಿಷನ್ನಿನ ಎರಕದ ಸ್ಟ್ಯಾಂಡು ಈಗ ಕಾಫಿ ಟೇಬಲ್ಲಾಗಿದೆ. ಮೇಲೊಂದು ಗ್ರಾನೈಟ್ ಹಲಗೆ, ಕೆಳಗೆ ಯಾರ ಕಾಲಿಗೂ ಬೇಡವಾದ ಪೆಡಲು. ಇಂಗ್ಲೆಂಡಿನ ಆಲ್‌ಸೇಂಟ್ಸ್ ಎಂಬ ಬಟ್ಟೆ ಅಂಗಡಿಯವರು ಅಂಗಡಿಯ ಗಾಜಿನ ಹಿಂದೆ ಹಳೆಯ ಹೊಲಿಗೆ ಮಿಷನ್‌ಗಳನ್ನು ಸಾಲುಸಾಲಾಗಿ ಪೇರಿಸಿಯೇ ಹೆಸರು ಮಾಡಿದರು. ದಾರಿಹೋಕರು ನಿಂತು ನೋಡುತ್ತಾರೆ, ನಿಜ. ಆದರೆ ಅಷ್ಟು ಮಿಷನ್‌ಗಳಲ್ಲಿ ಒಂದನ್ನೂ ಅವರು ನೋಡಿರುವುದಿಲ್ಲ.

ಮನೆಯಲ್ಲಿ ಹಳೆಯ ಮಿಷನ್‌ಗಳನ್ನು ಕೂರಿಸಹೊರಟವರ ಮೇಲೆ ನನ್ನ ತಕರಾರೂ ಇದೇ. ಕಪ್ಪು ಮೈ, ಚಿನ್ನದ ಬಳ್ಳಿ ನೋಡಿ ಮರುಳಾಗುತ್ತೇವೆ. ಹೊಲಿಗೆ ಹುಟ್ಟುವ ಜಾಗವೇ ಕಾಣದ ಹಾಗೆ ಗೋಡೆಗೆ ಒತ್ತರಿಸಿ ಇಡುತ್ತೇವೆ. ರಸಿಕನಾಗಬೇಕಾದರೆ ಮೊದಲು ನೋಡಬೇಕಾದದ್ದು ಸೂಜಿಯ ಕೆಳಗೆ.

ಸೂಜಿಯನ್ನೇ ತೆಗೆದುಕೊಳ್ಳಿ. ಕೈಸೂಜಿಯ ಕಣ್ಣು ಹಿಂದಿನ ತುದಿಯಲ್ಲಿ. ಮಿಷನ್ ಸೂಜಿಯ ಕಣ್ಣು ಮೊನೆಯ ಪಕ್ಕದಲ್ಲಿ. 1846ರಲ್ಲಿ ಅಮೆರಿಕದ ಇಲಿಯಾಸ್ ಹೋವ್ ಪಡೆದ ಪೇಟೆಂಟಿನ ಜೀವಾಳ ಇದು. ಸೂಜಿ ಪೂರ್ತಿ ಕೆಳಗಿಳಿದು ಕೂದಲೆಳೆಯಷ್ಟು ಮೇಲೇಳುವಾಗ ದಾರ ಪಕ್ಕಕ್ಕೆ ಉಬ್ಬಿ ಕುಣಿಕೆಯಾಗುತ್ತದೆ. ಆ ಕ್ಷಣಕ್ಕೇ ಕೆಳಗಿನ ಶಟಲ್‌ನ ಮೊನೆ ಕುಣಿಕೆಯೊಳಗೆ ನುಗ್ಗಿ ತನ್ನ ದಾರವನ್ನು ಹಾಯಿಸುತ್ತದೆ. ಮೇಲಿನ ಕೊಂಡಿ ದಾರವನ್ನು ಎಳೆದು ಬಿಗಿಯುತ್ತದೆ, ಹಲ್ಲುಗಳು ಬಟ್ಟೆಯನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳುತ್ತವೆ. ಮೇಲೇಳು, ಹಿಂದೆ ಸರಿ, ಇಳಿ, ಮುಂದೆ ಬಾ: ಹಲ್ಲುಗಳ ಈ ನಾಲ್ಕು ಚಲನೆ ಆಲನ್ ವಿಲ್ಸನ್ ಎಂಬಾತನದು, 1854ರ ಪೇಟೆಂಟು. ಇಂದಿನ ಎಲೆಕ್ಟ್ರಾನಿಕ್ ಮಿಷನ್ನಿನಲ್ಲೂ ಬಟ್ಟೆ ಹೀಗೆಯೇ ಸರಿಯುವುದು.

ಇದನ್ನು ಕಣ್ಣಾರೆ ನೋಡಲು ಸಿಂಗರ್ ಕಂಪನಿಯ 27 ಅಥವಾ 127ನೇ ಮಾದರಿಗಿಂತ ಒಳ್ಳೆಯ ಗುರು ಇಲ್ಲ. ಸೂಜಿಯ ಹಿಂದೆ ಮುಂದೆ ಇರುವ ಎರಡು ಜಾರು ತಗಡುಗಳನ್ನು ಸರಿಸಿ. ಒಳಗೆ ಬಂದೂಕಿನ ಗುಂಡಿನಾಕಾರದ ಉಕ್ಕಿನ ಶಟಲ್, ಅದರ ಹೊಟ್ಟೆಯಲ್ಲಿ ಕಡ್ಡಿಯಂಥ ಉದ್ದ ಬಾಬಿನ್. ಕೈಚಕ್ರವನ್ನು ಮೆಲ್ಲಗೆ ತಿರುಗಿಸಿದರೆ ಶಟಲ್ ಕಮಾನಿನ ದಾರಿಯಲ್ಲಿ ಹೋಗಿ ಬಂದು ಮಾಡುತ್ತದೆ. ಸಿಂಗರ್‌ಗಳಲ್ಲಿ ಚಕ್ರದ ಮೇಲಂಚು ಯಾವಾಗಲೂ ನಿಮ್ಮ ಕಡೆಗೇ ಬರಬೇಕು, ಹಿಂದಕ್ಕೆ ತಿರುಗಿಸಿದರೆ ದಾರ ಸಿಕ್ಕಾಗುತ್ತದೆ. ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕಿಡಿ. ಎರಡೂ ಎಲ್ಲಿ ಬೆಸೆದುಕೊಳ್ಳುತ್ತವೆ ಎಂದು ಹತ್ತು ವರ್ಷದ ಮಗುವೂ ಬೆರಳಿಟ್ಟು ತೋರಿಸುತ್ತದೆ.

ಹಾಗಾಗಿ ಮಿಷನ್‌ಗಳನ್ನು ಕಂಪನಿಯ ಹೆಸರಿನಿಂದಲೋ ಎತ್ತರದಿಂದಲೋ ಜೋಡಿಸಬೇಡಿ; ಕೆಳಗಿನ ದಾರ ಹೇಗೆ ಓಡುತ್ತದೆ ಎಂಬುದರಿಂದ ಜೋಡಿಸಿ. ದಸರೆಗೆ ಗೊಂಬೆ ಕೂರಿಸುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪಟ್ಟದ ಗೊಂಬೆ ಎಲ್ಲಿ, ಮದುವೆ ದಿಬ್ಬಣ ಯಾವ ಮೆಟ್ಟಿಲಲ್ಲಿ ಎಂಬುದಕ್ಕೆ ಅಲ್ಲಿ ಒಂದು ಕಥೆಯ ಕ್ರಮ ಇರುತ್ತದೆ, ಬಣ್ಣ ಹೊಂದುತ್ತದೆಂದು ಯಾರೂ ಇಡುವುದಿಲ್ಲ.

ನಿಮ್ಮ ಕಥೆ ಒಂಟಿ ದಾರದಿಂದ ಶುರುವಾಗಲಿ. ಅಕ್ಕಿ ಚೀಲದ ಬಾಯಿಯ ದಾರವನ್ನು ಸರಿಯಾದ ತುದಿಯಿಂದ ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದಲ್ಲ, ಅದು ಸರಪಳಿ ಹೊಲಿಗೆ. ಫ್ರಾನ್ಸಿನ ತಿಮೋನಿಯೇ 1830ರಲ್ಲಿ ಪೇಟೆಂಟ್ ಪಡೆದ ಮಿಷನ್ ಹೊಲಿಯುತ್ತಿದ್ದದ್ದು ಇದನ್ನೇ. ಮರುವರ್ಷ ಪ್ಯಾರಿಸ್ಸಿನ ದರ್ಜಿಗಳು ಹೊಟ್ಟೆಪಾಡು ಹೋಯಿತೆಂದು ನುಗ್ಗಿ ಅವನ ಮಿಷನ್‌ಗಳನ್ನು ಪುಡಿ ಮಾಡಿದರು. ವಿಲ್‌ಕಾಕ್ಸ್ ಅಂಡ್ ಗಿಬ್ಸ್ ಮಿಷನ್ ಸಿಕ್ಕರೆ ಮೊದಲ ಜಾಗ ಅದಕ್ಕೆ. ಇಂಗ್ಲಿಷಿನ ಜಿ ಅಕ್ಷರದಂತೆ ಬಾಗಿದ ಪುಟ್ಟ ಮೈ, ಬಾಬಿನ್ನೇ ಇಲ್ಲ. ಸಿಗದಿದ್ದರೆ ಚಿಂತೆಯಿಲ್ಲ, ಆ ಜಾಗದಲ್ಲಿ ಚೀಲದ ಒಂದು ತುಂಡು ಹೊಲಿಗೆಯನ್ನೇ ಇಡಿ. ಆಮೇಲೆ ಗುಂಡಿನ ಶಟಲ್‌ನ 27 ಅಥವಾ ಅದರ ಮುಕ್ಕಾಲು ಗಾತ್ರದ ತಮ್ಮ 28. ಅದರ ಪಕ್ಕ ದುಂಡು ಬಾಬಿನ್ ಎಡಗಡೆಯಿಂದ ಕೇಸಿನೊಳಗೆ ಕೂರುವ 15. ನಮ್ಮ ಅಮ್ಮ, ಅಜ್ಜಿಯರು ಹೊಲಿದ ಕಪ್ಪು ಮಿಷನ್‌ಗಳಲ್ಲಿ ಹೆಚ್ಚಿನವು ಇದೇ ಬಳಗದವು. ಕೊನೆಗೆ ಬಾಬಿನ್ ಮೇಲಿನಿಂದ ಇಳಿಯುವ 66 ಅಥವಾ 99. ನಾಲ್ಕೇ ಸಾಕು. ಐದನೆಯದು ಬೇಕೇಬೇಕೆಂದರೆ ಹಲ್ಲುಚಕ್ರಗಳ 201. ಅದು ಓಡುವಾಗ ಕಿವಿಗೊಡಿ, ನಂತರ 27ನ್ನು ಓಡಿಸಿ. ಒಂದು ಗುನುಗು, ಇನ್ನೊಂದು ಕಟಕಟ. ಈ ವ್ಯತ್ಯಾಸ ಕಿವಿಗೆ ಹತ್ತಿದ ದಿನದಿಂದ ಗುಜರಿ ಅಂಗಡಿಯಲ್ಲಿ ನಿಮ್ಮ ಚೌಕಾಸಿಯೇ ಬೇರೆ ಆಗುತ್ತದೆ.

ಮೈಯ ಚೆಲುವು ಇಷ್ಟಾದ ಮೇಲೆ. ಎರಕದ ಕಬ್ಬಿಣಕ್ಕೆ ಕಪ್ಪು ಜಪಾನ್ ಬಣ್ಣ ಬಳಿದು ಬೇಯಿಸಿ, ಅದರ ಮೇಲೆ ಚಿತ್ತಾರ ಅಂಟಿಸಿ, ಮೇಲೆ ಅರಗಿನ ವಾರ್ನಿಶ್ ಹಚ್ಚುತ್ತಿದ್ದರು. 27, 127ರ ಮೇಲೆ ಈಜಿಪ್ಟಿನ ಸ್ಫಿಂಕ್ಸ್, 66ರ ಮೇಲೆ ಕಮಲ ಇಲ್ಲವೇ ರೆಡ್ ಐ ಎಂದು ಕರೆಸಿಕೊಳ್ಳುವ ಕೆಂಪು ಕಣ್ಣುಗಳ ಚಿತ್ತಾರ. ಹೊಲಿಯುವವರ ಅಂಗೈ ಉಜ್ಜುವ ಮುಂಭಾಗದಲ್ಲಿ ಚಿನ್ನ ಸವೆದಿರುತ್ತದೆ. ಅದನ್ನು ಹೊಸ ಸ್ಟಿಕರ್ ತಂದು ಮುಚ್ಚುವವರನ್ನು ಕಂಡರೆ ನನಗೆ ಆಗುವುದಿಲ್ಲ. ಎಷ್ಟು ಬಟ್ಟೆ ಆ ಹಾದಿಯಲ್ಲಿ ಹರಿದಿದೆ ಎಂಬುದಕ್ಕೆ ಇರುವ ಏಕೈಕ ದಾಖಲೆ ಅದು, ಬೆಳಕು ಅಲ್ಲಿಗೆ ಬೀಳುವಂತೆ ಇಡಿ. ಸ್ಪಿರಿಟ್, ಥಿನ್ನರ್ ಹತ್ತಿರ ತರಬೇಡಿ, ಅರಗು ಕರಗುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವ ತಾಕಿದರೆ ಚಿನ್ನ ಬೆಳ್ಳಿಯಾಗುತ್ತದೆ. ಮಿಷನ್ ಎಣ್ಣೆಯಲ್ಲಿ ನೆನೆಸಿದ ಮೆದು ಹಳೆ ಪಂಚೆ ಸಾಕು. ಕೊಬ್ಬರಿ ಎಣ್ಣೆ ಬಿಟ್ಟ ಮಿಷನ್‌ಗಳು ನಮ್ಮಲ್ಲಿ ಬಹಳ. ಆ ಎಣ್ಣೆ ವರ್ಷಗಟ್ಟಲೆ ಕೂತು ಅಂಟಾಗಿ ಚಕ್ರ ಹಿಡಿದುಕೊಂಡಿರುತ್ತದೆ. ಬಲವಂತ ಮಾಡದೆ ತೆಳು ಮಿಷನ್ ಎಣ್ಣೆಯನ್ನು ರಂಧ್ರಗಳಿಗೆ ತೊಟ್ಟಿಕ್ಕಿಸಿ ಒಂದೆರಡು ದಿನ ಕಾಯಿರಿ.

ಹುಟ್ಟೂರು ತಿಳಿಯಲು ಬಲಬದಿಯ ತಳದಲ್ಲಿ ಒತ್ತಿದ ಸಂಖ್ಯೆ ನೋಡಿ. 1935ರ ನಂತರದ ಸಿಂಗರ್‌ಗಳಲ್ಲಿ ಎರಡು ಅಕ್ಷರ ಇದ್ದು ಮೊದಲನೆಯದು ಇ ಆಗಿದ್ದರೆ ಅದು ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕಿನದು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು, ಅಲ್ಲಿನ ರೈಲು ನಿಲ್ದಾಣದ ಹೆಸರು ಮಾತ್ರ ಇವತ್ತಿಗೂ ಸಿಂಗರ್. ಹಿತ್ತಾಳೆ ಬಿಲ್ಲೆಯ ಸುತ್ತ 1851–1951 ಎಂದಿದ್ದರೆ ಶತಮಾನೋತ್ಸವದ ಕಾಲದ್ದು.

ಮಿಷನ್ ನೋಡಲು ಬಂದವರು ಗಾಂಧೀಜಿಯ ಪ್ರಸ್ತಾಪ ತೆಗೆಯದೆ ಇರುವುದಿಲ್ಲ, ಉತ್ತರ ಸಿದ್ಧವಿರಲಿ. ಯಂತ್ರಗಳನ್ನು ಅನುಮಾನದಿಂದ ಕಂಡ ಅವರು 1924ರ ಒಂದು ಸಂಭಾಷಣೆಯಲ್ಲಿ ಸಿಂಗರ್‌ಗೆ ವಿನಾಯಿತಿ ಕೊಟ್ಟರು. ಸಿಂಗರ್ ತನ್ನ ಹೆಂಡತಿ ಕೈಯಲ್ಲಿ ಹೊಲಿದು ಬಳಲುವುದನ್ನು ಕಂಡು ಪ್ರೀತಿಯಿಂದ ಮಿಷನ್ ಮಾಡಿದ್ದೆಂದು ನಂಬಿದ್ದರು. ನಿಜದ ಐಸಾಕ್ ಸಿಂಗರ್ ನಾಟಕದ ನಟ. ಏಕಕಾಲಕ್ಕೆ ಹಲವು ಸಂಸಾರ, ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಅಷ್ಟು ಮನೆಗಳಲ್ಲಿ ಯಾವ ಹೆಂಡತಿಯ ಬಳಲಿಕೆ ಕಂಡನೋ!

ಇನ್ನು ಬಡಗಿ ಕೆಲಸ. ಮರದ ಪೀಠ ಸೇರಿ ದೊಡ್ಡ ಮಿಷನ್ ಸುಮಾರು 15 ಕಿಲೋ ತೂಗುತ್ತದೆ. ನಾಲ್ಕನ್ನು ಒಂದೇ ಹಲಗೆಗೆ ಏರಿಸಿದರೆ ತೆಳು ಪ್ಲೈವುಡ್ ತೊಟ್ಟಿಲಾಗುತ್ತದೆ. ಹಾಲೋ ಬ್ಲಾಕ್ ಗೋಡೆಯನ್ನು ನಂಬದೆ ನೆಲದಿಂದಲೇ ಏಳುವ ಕಬ್ಬಿಣದ ಕಾಲು ಕೊಡಿಸಿ. ಎತ್ತರ ಟೇಬಲ್ಲಿನಷ್ಟು ಮಾತ್ರ. ಸೂಜಿ ಎದೆಮಟ್ಟಕ್ಕಿಂತ ಮೇಲಿದ್ದರೆ ಅದರ ಕೆಳಗಿನದು ಯಾರಿಗೂ ಕಾಣುವುದಿಲ್ಲ. ಒಂದು ಮಿಷನ್ನನ್ನಾದರೂ ಕೀಲಿನ ಮೇಲೆ ಹಿಂದಕ್ಕೆ ಮಲಗಿಸಿ, ಕೆಳಗೆ ಕನ್ನಡಿ ಇಡಿ. ದೀಪ ಎದುರಿನಿಂದ ಬೇಡ. ಪಕ್ಕದಿಂದ ಓರೆಯಾಗಿ ಬಿದ್ದರೆ ತಗಡಿನ ಕೆತ್ತನೆ, ಸವೆದ ಚಿನ್ನ ಎರಡೂ ಎದ್ದು ಬರುತ್ತವೆ. ಬಿಸಿಲು ಬೀಳುವ ಕಿಟಕಿಯ ಹತ್ತಿರ ಬೇಡ, ಪೀಠದ ಮರ ಬಿಳಿಚುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಮುಚ್ಚಿದ ಗಾಜಿನ ಬೀರುವಿಗೆ ಹೋಗಬೇಡಿ. ಒಳಗೆ ಬೆವರಿ ಶಟಲ್ ತುಕ್ಕು ಹಿಡಿಯುತ್ತದೆ. ತೆರೆದಿಟ್ಟು ವಾರಕ್ಕೊಮ್ಮೆ ಚಕ್ರ ತಿರುಗಿಸುವುದೇ ಮೇಲು. ಬಟ್ಟೆ ಒತ್ತುವ ಪಾದ ಇಳಿಸಿಡುವಾಗ ಹಲ್ಲಿನ ಮೇಲೆ ಒಂದು ತುಂಡು ಖಾದಿ ಇರಲಿ.

ಆಯುಧ ಪೂಜೆಯ ದಿನ ಮನೆಯ ಹಿರಿಯರು ಅರಿಸಿನ ಕುಂಕುಮ ಹಿಡಿದು ಬಂದೇ ಬರುತ್ತಾರೆ, ತಡೆಯಬೇಡಿ. ಬೊಟ್ಟು ಮರದ ಪೀಠಕ್ಕಿರಲಿ, ಚಿತ್ತಾರಕ್ಕೆ ಬೇಡ ಎಂದು ಮೊದಲೇ ಹೇಳಿಡಿ. ಚಕ್ರಕ್ಕೆ ಒಂದು ಎಳೆ ಚೆಂಡುಹೂ ಸಾಕು; ಬಾಡುವ ಮೊದಲೇ ತೆಗೆದು, ನೀರು ತಾಕಿದ ಕಡೆ ಒರೆಸಿ ಒಂದು ತೊಟ್ಟು ಎಣ್ಣೆ ಬಿಡಿ.