ಕೊನೆಯ ಬೆಂಚಿನ ಆಮೆನ್

ಚರ್ಚಿನಲ್ಲಿ ಹಾಡು ಯಾರದು? ವೇದಿಕೆಯದೋ, ಸಭೆಯದೋ? ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯದಲ್ಲಿ ಇದಕ್ಕೊಂದು ಅಳತೆಗೋಲು ಸಿಗುತ್ತದೆ. ಮುಂದೆ ನಿಂತವನ ಮಾತೇ ತಿಳಿಯದಿದ್ದರೆ ಕೂತು ಕೇಳುವವನು ಆಮೆನ್ ಅನ್ನುವುದಾದರೂ ಹೇಗೆ ಎಂಬುದು ಅವನ ತಕರಾರು. ಬಾಸೆಲ್ ಮಿಶನ್ ಕನ್ನಡನಾಡಿಗೆ ಬಿಟ್ಟುಹೋದ ಗೀತಪರಂಪರೆಯನ್ನೂ ಅದರ ಜಾಗಕ್ಕೆ ಬರುತ್ತಿರುವ ಹೊಸ ಸ್ತುತಿ ಆರಾಧನೆಯನ್ನೂ ಇದೇ ಗೋಲಿನಿಂದ ಅಳೆದು ನೋಡಬೇಕು.

ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಪ್ರಾಟೆಸ್ಟೆಂಟರಾದ ಅವರ ಹಿಂದೆ ಮುನ್ನೂರು ವರ್ಷಗಳ ಹಾಡಿನ ಬಲವಿತ್ತು. 1524ರಲ್ಲಿ ಜರ್ಮನಿಯ ಧರ್ಮಸುಧಾರಕ ಲೂಥರನ ಮೊದಲ ಗೀತಪುಸ್ತಕಗಳು ಅಚ್ಚಾದಾಗ, ಪಾದ್ರಿ ಮತ್ತು ಗಾಯಕವೃಂದದ ಸೊತ್ತಾಗಿದ್ದ ಹಾಡು ಸಭೆಯ ಬಾಯಿಗೆ ಬಂದಿತ್ತು. ಮಂಗಳೂರಿಗೂ ಆ ಮೌಲ್ಯವೇ ಬಂತು. ಗೋಡೆಯ ಹಲಗೆಯಲ್ಲಿ ಹಾಡಿನ ಸಂಖ್ಯೆ, ಕೈಯಲ್ಲಿ ಪುಸ್ತಕ, ಎದ್ದುನಿಂತ ಇಡೀ ಸಭೆ. ಹಂಚಿನ ಕಾರ್ಖಾನೆಯ ಕೆಲಸಗಾರನೂ ಸಭಾಪಾಲಕರೂ ಒಂದೇ ಪುಟ ತೆರೆಯಬೇಕು. ಆರ್ಗನ್ ನುಡಿಸುವವರು ಸ್ವರ ಹಿಡಿದುಕೊಟ್ಟು ಹಿಂದೆ ಸರಿಯಬೇಕು. ಹಾಡಿಸುವವನು ಕಣ್ಣಿಗೆ ಬೀಳದಿರುವುದು ಈ ಪರಂಪರೆಯ ದೊಡ್ಡ ಗುಣ.

ದೋಷ ಇರುವುದು ನುಡಿಯ ನಡಿಗೆಯಲ್ಲಿ. ಬಂದ ಹಾಡುಗಳಲ್ಲಿ ಬಹುಪಾಲು ಜರ್ಮನ್, ಇಂಗ್ಲಿಷ್ ಧಾಟಿಗೆ ಕೂರಿಸಿದ ಕನ್ನಡ ಪದಗಳು. ಆ ಧಾಟಿಗಳು ನಡೆಯುವುದು ಉಚ್ಚಾರದ ಒತ್ತಿನ ಮೇಲೆ. ಕನ್ನಡ ನಡೆಯುವುದು ಲಘು ಗುರುಗಳ ಮೇಲೆ. ನಮ್ಮಲ್ಲಿ ಸ್ವರ ಹಿಗ್ಗಿದರೆ ಅರ್ಥವೇ ಬದಲು. ದೇವರಲ್ಲಿ ‘ಬಲ’ ಬೇಡುವ ಭಕ್ತನ ಮೊದಲಕ್ಷರದ ಮೇಲೆ ಧಾಟಿಯ ಉದ್ದ ಸ್ವರ ಬಂದು ಕೂತರೆ ಅವನು ಬೇಡುವುದು ‘ಬಾಲ’! ‘ಮನ’ ಅರ್ಪಿಸಲು ಹೊರಟವಳು ‘ಮಾನ’ ಅರ್ಪಿಸಿ ಬರುತ್ತಾಳೆ. ತಲೆಮಾರುಗಳ ರೂಢಿಯಿಂದ ಕಿವಿ ಇದಕ್ಕೆ ಒಗ್ಗಿಹೋಗಿದೆ, ಅಷ್ಟೆ. ವಿಪರ್ಯಾಸವೆಂದರೆ, ಲ್ಯಾಟಿನ್ ಧಾಟಿಯನ್ನು ಹಾಗೇ ಇಟ್ಟುಕೊಂಡು ಮಾತನ್ನಷ್ಟೇ ಜರ್ಮನ್‌ಗೆ ತರುವುದು ಸಲ್ಲದು, ಪದ, ಸ್ವರ, ಒತ್ತು ಎಲ್ಲವೂ ತಾಯ್ನುಡಿಯಿಂದಲೇ ಹುಟ್ಟಬೇಕು ಎಂದು 1525ರಲ್ಲೇ ವಾದಿಸಿದವನು ಲೂಥರ್. ತನ್ನ ಭಾಷೆಗೆ ಅವನು ಕೇಳಿದ ನ್ಯಾಯ ಕನ್ನಡಕ್ಕೆ ಸಿಗಲಿಲ್ಲ.

ಬಾಸೆಲ್ ಮಿಶನ್ನಿಗೆ ಕನ್ನಡದ ಜಾಯಮಾನ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1894ರ ನಿಘಂಟಿನಿಂದ ಮನೆಮಾತಾದ, ಅದೇ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಭಾರತೀಯ ಛಂದಸ್ಸಿನ ಧಾಟಿಯಲ್ಲಿ ಹೇಳಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿಕೊಟ್ಟರು. ದಾರಿ ಕಣ್ಣೆದುರೇ ಇತ್ತು. ತಂಜಾವೂರಿನ ವೇದನಾಯಕ ಶಾಸ್ತ್ರಿ (1774–1864) ತಮಿಳು ಕೀರ್ತನೆಗಳಲ್ಲಿ, ಮರಾಠಿಯ ನಾರಾಯಣ ವಾಮನ ಟಿಳಕ್ ಅಭಂಗಗಳಲ್ಲಿ ಆ ದಾರಿ ಹಿಡಿದು ಗೆದ್ದರು. ನಮ್ಮ ಗೀತಪುಸ್ತಕಗಳಿಗೂ ಭಜನೆ, ಕೀರ್ತನೆಗಳು ಸೇರಿದವು, ನಿಜ. ಆದರೆ ಭಾನುವಾರದ ಆರಾಧನೆಯ ಬೆನ್ನೆಲುಬಾಗಿ ಉಳಿದದ್ದು ಪರದೇಶದ ಧಾಟಿಯೇ.

ಈಗ ಗಿಟಾರು, ಕೀಬೋರ್ಡು, ಡ್ರಮ್ಮುಗಳ ಕಾಲ. ಇದರ ಬೇರುಗಳಲ್ಲೊಂದು ಕ್ಯಾಲಿಫೋರ್ನಿಯಾದ ವೈನ್‌ಯಾರ್ಡ್ ಚಳವಳಿ. ಅದರ ಮುಂದಾಳು ಜಾನ್ ವಿಂಬರ್ (1934–1997) ಸ್ವತಃ ಸಂಗೀತಗಾರ. ದೇವರ ಬಗ್ಗೆ ಹಾಡುವುದಕ್ಕಿಂತ ದೇವರಿಗೇ ಹಾಡಬೇಕು, ಹಾಡಿನಲ್ಲಿ ಆಪ್ತತೆ ಬೇಕು, ಬಳಸುವ ಸಂಗೀತ ಜನ ದಿನವೂ ಕೇಳುವಂಥದಾಗಿರಬೇಕು ಎಂಬುದು ಈ ಪಂಥದ ತಿರುಳು. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಹಳೆಯ ಹಾಡುಗಳ ಗ್ರಾಂಥಿಕ ಕನ್ನಡ ಬಾಯಿಗೆ ಹತ್ತದ ಹುಡುಗರು ಇಲ್ಲಿ ಆಡುಮಾತಿನಲ್ಲೇ ಪ್ರಾರ್ಥಿಸಲು ಕಲಿತಿದ್ದಾರೆ.

ಆದರೆ ಆಪ್ತತೆಗೆಂದು ಬಂದ ವರ್ಷಿಪ್ ಟೀಮು ಬಹಳ ಕಡೆ ಸಭೆಯ ಬಾಯಿಯನ್ನೇ ಕಿತ್ತುಕೊಂಡಿದೆ. ಕೊನೆಯ ಪಲ್ಲವಿ ಬಂದೊಡನೆ ಕೀಬೋರ್ಡು ಅರ್ಧ ಸ್ವರ ಮೇಲೇರುತ್ತದೆ. ವೇದಿಕೆಯ ಯುವಕ ಕಣ್ಣುಮುಚ್ಚಿ ತಾರಸ್ಥಾಯಿಗೆ ಹಾರುತ್ತಾನೆ. ಕೊನೆಯ ಬೆಂಚಿನ ಅಜ್ಜಿ ಎರಡು ಮಾತು ಹಿಂಬಾಲಿಸಿ, ಮೂರನೆಯದಕ್ಕೆ ದನಿ ಏರದೆ ತುಟಿ ಮುಚ್ಚುತ್ತಾರೆ. ಸ್ಪೀಕರಿನ ಅಬ್ಬರದಲ್ಲಿ ಅವರು ನಿಲ್ಲಿಸಿದ್ದು ಯಾರಿಗೂ ತಿಳಿಯುವುದಿಲ್ಲ. ಕಂಠಪಾಠವಾಗಿದ್ದ ಹಾಡು ತೆರೆಗೆ ಹೋದದ್ದು ಇನ್ನೊಂದು ನಷ್ಟ. ಆಸ್ಪತ್ರೆಯ ಹಾಸಿಗೆಯ ಪಕ್ಕ, ಸಾವಿನ ಮನೆಯಲ್ಲಿ ಪ್ರೊಜೆಕ್ಟರ್ ಇರುವುದಿಲ್ಲ.

ಹಳೆಯ ಪರಂಪರೆ ಸಭೆಗೆ ಹಾಡು ಕೊಟ್ಟಿತು, ನುಡಿಗೆ ನ್ಯಾಯ ಕೊಡಲಿಲ್ಲ. ಹೊಸದು ಆಡುಮಾತನ್ನು ಕೊಟ್ಟಿತು, ಹಾಡನ್ನು ವೇದಿಕೆಗೆ ಒಯ್ದಿತು. ಎರಡನ್ನೂ ತೂಗಿದರೆ ಹಳೆಯದರ ತಪ್ಪು ಚಿಕ್ಕದೆಂದೇ ನನ್ನ ತೀರ್ಮಾನ. ಧಾಟಿ ಒಗ್ಗದಿದ್ದರೂ ಅಲ್ಲಿ ಎಲ್ಲರೂ ಹಾಡಿದರು. ಆರಾಧನೆ ನಡೆಸುವವರಲ್ಲಿ ನನ್ನ ಕೇಳಿಕೆ ಇಷ್ಟೇ: ಹಾಡು ಕಟ್ಟುವಾಗ ಕನ್ನಡದ ಮಾತ್ರೆ ಎಣಿಸಿ, ಅಜ್ಜಿಗೆ ಎಟಕುವ ಶ್ರುತಿ ಹಿಡಿಯಿರಿ, ಒಂದು ಚರಣಕ್ಕಾದರೂ ವಾದ್ಯ ನಿಲ್ಲಿಸಿ ಸಭೆಯ ದನಿಗೆ ಕಿವಿಗೊಡಿ. ಅಲ್ಲಿ ಮೌನವಿದ್ದರೆ, ನೀವು ಹಾಡಿಸುತ್ತಿರಲಿಲ್ಲ, ಹಾಡುತ್ತಿದ್ದಿರಿ.