ಕಡಲೆಯೊಳಗಿನ ಕೋಲೀನ್

ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಗೆ ನಮ್ಮ ಉತ್ತರ ಕರ್ನಾಟಕದ ಎರೆಹೊಲಗಳು ಋಣಿ. ಅಲ್ಲಿಯವರು ಜಬಲ್ಪುರದ ಕೃಷಿ ವಿಶ್ವವಿದ್ಯಾಲಯದ ಜೊತೆ ರೂಪಿಸಿದ ಜೆಜಿ-11 ಕಡಲೆ ಸೊರಗು ರೋಗ ತಾಳಿ, ಮಣ್ಣಿನಲ್ಲುಳಿದ ತೇವದಲ್ಲೇ ಕಾಯಿ ಕಟ್ಟುತ್ತದೆ.

ಆ ಕಾಳಿನಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಕೋಲೀನ್ ಎಂಬ ಪೋಷಕಾಂಶ. ಜೀವಕೋಶದ ಪೊರೆ ಕಟ್ಟುವುದಕ್ಕೆ, ಯಕೃತ್ತಿನ ಕೊಬ್ಬು ಹೊರಸಾಗಿಸುವುದಕ್ಕೆ ಇದು ಬೇಕು. ನರಗಳ ಸಂದೇಶವಾಹಕ ಅಸಿಟೈಲ್‌ಕೋಲೀನ್ ಆಗುವುದೂ ಇದರಿಂದಲೇ. ದೇಹ ತಾನೇ ತುಸು ತಯಾರಿಸಿಕೊಂಡರೂ ಅದು ಸಾಲದು, ಉಳಿದದ್ದು ಊಟದಿಂದ ಬರಬೇಕು. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 147 ಮಿಲಿಗ್ರಾಂ, 100 ಗ್ರಾಂ ಒಣಕಡಲೆಯಲ್ಲಿ ಸುಮಾರು 99.

ಬಸುರಿಯರಿಗೆ, ಮೊಲೆಯೂಡಿಸುವ ತಾಯಂದಿರಿಗೆ ಇದರ ಅಗತ್ಯ ಇನ್ನೂ ಹೆಚ್ಚು. ಮೊಟ್ಟೆ ತಿನ್ನದ ಮನೆಗಳಲ್ಲಿ, ರಾತ್ರಿ ನೆನೆಸಿ ಬೇಯಿಸಿ, ಸಾಸಿವೆ-ಕರಿಬೇವಿನ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದ ಕಡಲೆ ಉಸಲಿ ಅವರ ತಟ್ಟೆಗೆ ತಪ್ಪದೆ ಬೀಳಲಿ.