ಧವಲಾಟೀಕೆಯ ಅರ್ಧಚ್ಛೇದ: ಒಂದು ವಿಮರ್ಶೆ

ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 9ನೆಯ ಶತಮಾನದ ಆದಿಭಾಗದಲ್ಲಿ ರಚಿಸಿದ ಧವಲಾಟೀಕೆಯ ಭಾಷೆ ಪ್ರಾಕೃತ ಸಂಸ್ಕೃತಗಳ ಮಿಶ್ರಣ. ಅದನ್ನು ಕಾಪಾಡಿದ ಲಿಪಿಯಾದರೋ ಕನ್ನಡ. ಚಾರ್ಮಾಡಿ ಘಟ್ಟದಡಿಯ ಮುಂಡಾಜೆ, ಬೆಳ್ತಂಗಡಿಗಳ ಸೀಮೆಗೆ ನೆರೆಯಾದ ಮೂಡಬಿದಿರೆಯ ಸಿದ್ಧಾಂತ ಬಸದಿಯ ತಾಳೆಯೋಲೆಗಳಲ್ಲಿ ಉಳಿದುಬಂದ ಈ ಗ್ರಂಥವು 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿತು. 1942ರ ನಾಲ್ಕನೆಯ ಸಂಪುಟದಲ್ಲಿ ಅವಧೇಶ ನಾರಾಯಣ ಸಿಂಗರು ಇದರ ಗಣಿತವನ್ನು ವಿವರಿಸುತ್ತ, 'ಅರ್ಧಚ್ಛೇದ'ವೆಂದರೆ ಎರಡನ್ನು ಆಧಾರವಾಗುಳ್ಳ ಲಘುಗಣಕವೆಂದು ನಿರೂಪಿಸಿರುವರು. ಈ ಸಮೀಕರಣವು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದು ವಿಚಾರಣೀಯ.

ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಬಹುದೋ ಅಷ್ಟು ಅದರ ಅರ್ಧಚ್ಛೇದಗಳು. 16ಕ್ಕೆ ನಾಲ್ಕು, 32ಕ್ಕೆ ಐದು. ಜೈನ ಲೋಕವರ್ಣನೆಯಲ್ಲಿ ಜಂಬೂದ್ವೀಪದ ವಿಸ್ತಾರ ಒಂದು ಲಕ್ಷ ಯೋಜನ. ಅನಂತರದ ಸಮುದ್ರ ದ್ವೀಪಗಳು ಒಂದಕ್ಕಿಂತ ಒಂದು ಇಮ್ಮಡಿ. ಲಕ್ಷವನ್ನೇ ಮಾನವಾಗಿಟ್ಟರೆ 1, 2, 4, 8, 16 ಎಂಬ ಶ್ರೇಢಿ ದೊರೆಯುವುದು. ಇದರ ಅನುಕ್ರಮ ವ್ಯತ್ಯಾಸಗಳೂ 1, 2, 4, 8 ಎಂದೇ ಇರುವುವು. ಅವುಗಳಲ್ಲಿ ಎರಡಲ್ಲದೆ ಬೇರೆ ಅವಿಭಾಜ್ಯ ಅಪವರ್ತನವಿಲ್ಲ. ಇಂಥಲ್ಲಿ ಅರ್ಧಚ್ಛೇದವನ್ನು ಲಘುಗಣಕವೆಂದರೂ ಸರಿ, ಎರಡೆಂಬ ಅಪವರ್ತನದ ಎಣಿಕೆಯೆಂದರೂ ಸರಿ, ಫಲ ಒಂದೇ.

ಬೇರೆ ಶ್ರೇಢಿಗಳಲ್ಲಿ ಈ ಎರಡು ಅರ್ಥಗಳು ಅಗಲುವುವು. ವರ್ಗಗಳಾದ 1, 4, 9, 16, 25ರ ವ್ಯತ್ಯಾಸಗಳು 3, 5, 7, 9. ಅಪವರ್ತನದ ಎಣಿಕೆಯಂತೆ ಇವಕ್ಕೆ ಅರ್ಧಚ್ಛೇದವೇ ಇಲ್ಲ. ಲಘುಗಣಕದಂತೆ ಅದು ಬೆಳೆಯುತ್ತ ಹೋಗುವುದು. 12ಕ್ಕಾದರೆ ಎಣಿಕೆ ಎರಡು, ಲಘುಗಣಕ ಸುಮಾರು 3.58.

ಇವುಗಳಲ್ಲಿ ಟೀಕಾಕಾರರ ಅಭಿಪ್ರಾಯ ಯಾವುದು? ಗುಣಲಬ್ಧದ ಅರ್ಧಚ್ಛೇದಗಳು ಗುಣ್ಯ ಗುಣಕಗಳ ಅರ್ಧಚ್ಛೇದಗಳ ಮೊತ್ತಕ್ಕೆ ಸಮವೆಂಬ ನಿಯಮವು ಎರಡು ಅರ್ಥಗಳಿಗೂ ಒಪ್ಪುವುದರಿಂದ ನಿರ್ಣಾಯಕವಾಗದು. ಆದರೆ ಧವಲೆಯಲ್ಲಿ ತ್ರಿಕಚ್ಛೇದದೊಡನೆ ಚತುರ್ಥಚ್ಛೇದವೂ ಬಂದಿದೆ, ನಾಲ್ಕು ಅವಿಭಾಜ್ಯವಲ್ಲ. 2ನ್ನು ನಾಲ್ಕರಿಂದ ಒಮ್ಮೆಯೂ ನಿಶ್ಶೇಷವಾಗಿ ಭಾಗಿಸಲಾಗದು. 2ನ್ನು 2ರಿಂದ ಗುಣಿಸಿ ಬಂದ 4ನ್ನಾದರೋ ಒಮ್ಮೆ ಭಾಗಿಸಬಹುದು. ಶೂನ್ಯಕ್ಕೆ ಶೂನ್ಯ ಕೂಡಿ ಒಂದಾಗದು. ಅಪವರ್ತನದ ಅರ್ಥವನ್ನು ಹಿಡಿದರೆ ಮೊತ್ತದ ನಿಯಮವು ಇಲ್ಲಿಗೆ ವ್ಯಾಪಿಸಲಾರದು. ಮಹಾರಾಶಿಗಳ ಹಿರಿಕಿರಿತನವನ್ನು ಅಳೆಯಲು ಅರ್ಧಚ್ಛೇದವನ್ನು ಬಳಸಿರುವುದೂ ಸಿಂಗರ ಪಕ್ಷವನ್ನೇ ಪುಷ್ಟಿಗೊಳಿಸುವುದು. ಆದರೂ ಛೇದವೆಂದರೆ ಕಡಿಯುವ ಕ್ರಿಯೆ. ಅದನ್ನು ಒಂದು, ಎರಡು ಎಂದು ಎಣಿಸಬಹುದಲ್ಲದೆ 3.58 ಸಲವೆನ್ನಲಾಗದು. ಆ ಭಿನ್ನಾಂಶವು 'ಲಘುಗಣಕ'ವೆಂಬ ಮಾತಿನೊಡನೆ ನಮ್ಮ ಕಾಲದವರು ತಂದುದು.

ಈ ವಿವೇಚನೆಯು ಇಂದು ವಿಶೇಷವಾಗಿ ಅವಶ್ಯಕ. 2008ರಲ್ಲಿ ಎರಿಕ್ ರೋಲೆಂಡರು ಒಂದು ಶ್ರೇಢಿಯನ್ನು ಪ್ರಕಟಿಸಿದರು. ಮೊದಲ ಪದ 7. ಪ್ರತಿಯೊಂದು ಮುಂದಿನ ಪದಕ್ಕೂ, ಹಿಂದಿನ ಪದ ಮತ್ತು ಹೊಸ ಪದದ ಕ್ರಮಾಂಕ ಇವುಗಳ ಮಹತ್ತಮ ಸಾಮಾನ್ಯ ಅಪವರ್ತನವನ್ನು ಹಿಂದಿನ ಪದಕ್ಕೆ ಕೂಡಬೇಕು. 7, 8, 9, 10, 15, 18 ಎಂದು ಸಾಗುವ ಇದರ ವ್ಯತ್ಯಾಸಗಳು 1, 1, 1, 5, 3. ಪ್ರತಿಯೊಂದು ವ್ಯತ್ಯಾಸವೂ ಒಂದು ಇಲ್ಲವೆ ಅವಿಭಾಜ್ಯವೆಂದು ಅವರು ಸಾಧಿಸಿರುವರು. ಇಂತಹುದನ್ನು ಕಂಡೊಡನೆ, ಛೇದಗಳನ್ನೆಣಿಸಿದ ನಮ್ಮ ಆಚಾರ್ಯರಿಗೆ ಇದೂ ತಿಳಿದಿತ್ತೆನ್ನುವ ಉತ್ಸಾಹ ಹುಟ್ಟುವುದು ಸಹಜ. ಅರ್ಧಚ್ಛೇದದ ಲಕ್ಷಣದಲ್ಲಿ ಅದಕ್ಕೆ ಆಧಾರವಿಲ್ಲ. ಎರಡು, ಮೂರು, ನಾಲ್ಕುಗಳನ್ನು ಸಮಾನವಾಗಿ ಕಂಡ ಶಾಸ್ತ್ರಕ್ಕೆ ಅವಿಭಾಜ್ಯತೆಯು ಪ್ರಕೃತವಾಗಿರಲಿಲ್ಲ.

ಆದುದರಿಂದ ಅನುವಾದಕರೂ ಅಧ್ಯಾಪಕರೂ 'ಅರ್ಧಚ್ಛೇದ'ವೆಂಬ ಪಾರಿಭಾಷಿಕವನ್ನು ಮೂಲದಂತೆಯೇ ಉಳಿಸಿಕೊಂಡು, ಲಘುಗಣಕವನ್ನು ವಿವರಣೆಯಲ್ಲಿ ಮಾತ್ರ ಹೇಳುವುದು ಯುಕ್ತ. ಅನಂತವನ್ನೂ ಎಣಿಕೆಗೆ ತರಲು ಯತ್ನಿಸಿದ ಆಚಾರ್ಯರ ಹಿರಿಮೆಗೆ ಎರವಲು ಹೆಸರಿನ ಅಗತ್ಯವಿಲ್ಲ.